ಹಸುರೆಲ್ಲ ತಾಮ್ರವಲ್ಲ

ಸಿಂಧನೂರಿನಿಂದ ಲಿಂಗಸುಗೂರಿನತ್ತ ಹೊರಟ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಬತ್ತದ ಗದ್ದೆಗಳ ಹಸುರು. ನಡುದಾರಿಯಲ್ಲಿ ಮಸ್ಕಿಯ ಬಂಡೆಗುಡ್ಡಗಳು ಎದುರಾಗುತ್ತವೆ. ಅವನ್ನು ದಾಟಿ ಲಿಂಗಸುಗೂರು, ಹಟ್ಟಿಗಳ ಸೀಮೆಯನ್ನು ಹೊಕ್ಕರೆ ಇನ್ನೊಂದು ಹಸುರು ಕಾಲಡಿಯಲ್ಲಿಯೇ ದೊರೆಯುತ್ತದೆ. ಅದು ಕಲ್ಲಿನ ಹಸುರು.

ಈ ಸೀಮೆಯಲ್ಲಿ ಲೋಹವನ್ನು ಹುಡುಕಹೋದವರಿಗೆ ಬೇರೆಯೇ ನಿಧಿ ಸಿಕ್ಕಿದ್ದುಂಟು. ಚಿನ್ನದ ಅನ್ವೇಷಣೆಯಲ್ಲಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಕಂಡದ್ದು ಶಾಸನವೊಂದನ್ನು. ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದನ್ನು ಆ ಬಂಡೆ ಸ್ಥಿರಪಡಿಸಿತು. ಅದೇ ಊರಿನಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಕಲ್ಲಿನ ಅಲಗುಗಳನ್ನು ಬಳಸುತ್ತಿದ್ದ ಜನರ ನೆಲೆ ಬೆಳಕಿಗೆ ಬಂದಿತು. ತಾಮ್ರವನ್ನೂ ಅವರು ಬಲ್ಲವರಾಗಿದ್ದರು, ಆದರೆ ಅದು ಅವರಿಗೆ ವಿರಳ ವಸ್ತುವಾಗಿತ್ತು.

ಹಾಗಾದರೆ ಹಟ್ಟಿಯ ಕಡೆಯ ಹಸುರು ಕಲ್ಲೆಲ್ಲ ತಾಮ್ರದ ಅದಿರೆ? ಅಲ್ಲ. ಇಲ್ಲಿಯೇ ಹಲವರು ಮೋಸಹೋಗುವುದು. ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಆ ಶಿಲಾಪಟ್ಟಿಗೆ ಹಸುರು ಬಂದಿರುವುದು ಕ್ಲೋರೈಟ್, ಹಾರ್ನ್‌ಬ್ಲೆಂಡ್ ಮೊದಲಾದ ಖನಿಜಗಳಿಂದ. ಒಡೆದು ನೋಡಿದರೆ ಒಳಗೂ ಹೊರಗೂ ಅದೇ ಮಬ್ಬು ಹಸುರು. ತಾಮ್ರದ ಹಸುರು ಬೇರೆ. ಬೆಳಗದೆ ಮೂಲೆಗಿಟ್ಟ ಹಂಡೆಯ ಕಿಲುಬನ್ನು ಬಲ್ಲ ಗೃಹಿಣಿ ಅದನ್ನು ಒಡನೆ ಗುರುತಿಸಿಯಾಳು! ಗಾಳಿ ನೀರುಗಳ ಸೋಂಕಿನಿಂದ ಅದಿರಿನ ಬಿರುಕುಗಳಲ್ಲಿ, ಮೇಲ್ಮೈಯಲ್ಲಿ ಗಿಳಿಯ ರೆಕ್ಕೆಯ ಬಣ್ಣದ ಲೇಪವಾಗಿ ಅದು ಮೂಡುತ್ತದೆ. ಇದೇ ಮ್ಯಾಲಕೈಟ್, ನೂರಕ್ಕೆ 57 ಪಾಲು ತಾಮ್ರ. ಜೊತೆಯಲ್ಲಿ ಕಡುನೀಲಿಯ ಅಝುರೈಟ್ ಇದ್ದರೆ ಸಂದೇಹ ಬಹುಮಟ್ಟಿಗೆ ಕಳೆದಂತೆಯೇ.

ಆಮ್ಲದ ಹನಿಗೆ ಮ್ಯಾಲಕೈಟ್ ನೊರೆಯುತ್ತದೆಂಬುದು ನಿಜ. ಆದರೆ ಹಸುರು ಕಲ್ಲಿನಲ್ಲಿ ಸುಣ್ಣದ ಎಳೆಯಿದ್ದರೆ ಅದೂ ನೊರೆಯುತ್ತದೆ. ಆದುದರಿಂದ ಶಾಲೆಯ ಪ್ರಯೋಗಶಾಲೆಯಲ್ಲಿ ಕಲ್ಲಿನ ಪುಡಿಯನ್ನು ಸಾರ ಕಡಮೆಯಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಉಜ್ಜಿದ ಕಬ್ಬಿಣದ ಮೊಳೆಯನ್ನು ಅದ್ದಿ ನೋಡಬೇಕು. ಮೊಳೆಗೆ ಕೆಂಪು ಲೇಪ ಹಿಡಿದರೆ ತಾಮ್ರವುಂಟು. ಕ್ಲೋರೈಟ್ ಈ ಪರೀಕ್ಷೆಯಲ್ಲಿ ಗೆಲ್ಲಲಾರದು.

ಸಹಜ ತಾಮ್ರ, ಎಂದರೆ ಲೋಹರೂಪದಲ್ಲಿಯೇ ದೊರೆಯುವ ತಾಮ್ರ, ಇನ್ನೂ ಅಪರೂಪ. ಅಮೆರಿಕದ ಸುಪೀರಿಯರ್ ಸರೋವರದ ದಂಡೆ ಅದಕ್ಕೆ ಹೆಸರಾದ ತಾಣ. ಹೊರಗೆ ಕಂದು, ಕಪ್ಪು ಇಲ್ಲವೆ ಹಸುರಾಗಿದ್ದರೂ ಚಾಕುವಿನ ಮೊನೆ ತಾಕಿದೆಡೆ ಕೆಂಪಗೆ ಹೊಳೆಯುತ್ತದೆ. ಸುತ್ತಿಗೆಯ ಪೆಟ್ಟಿಗೆ ಪುಡಿಯಾಗದೆ ಚಪ್ಪಟೆಯಾಗುತ್ತದೆ. ನೀರಿನ ಒಂಬತ್ತರಷ್ಟು ತೂಗುತ್ತದೆ. ಹಿತ್ತಾಳೆಯಂತೆ ಹಳದಿಯಾಗಿ ಹೊಳೆದು, ಪೆಟ್ಟಿಗೆ ಪುಡಿಯಾಗುವುದು ಚಾಲ್ಕೊಪೈರೈಟ್ ಎಂಬ ಅದಿರು.

ಮಸ್ಕಿಯ ಹೊಲಗಳಲ್ಲಿ ಮಾತ್ರ ಚಾಕುವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಅಲ್ಲಿ ನೇಗಿಲಿಗೆ ಸಿಕ್ಕ ಹಸುರು ತುಂಡು ಖನಿಜವಲ್ಲದೆ, ಎಂದೋ ಯಾರದೋ ಕೈಯಲ್ಲಿದ್ದ ಬಳೆಯೋ ಉಳಿಯೋ ಆಗಿರಬಹುದು. ಹುಣಸೆಹಣ್ಣಿನಿಂದ ಉಜ್ಜಿದರೆ ಕಿಲುಬಿನ ಜೊತೆಗೆ ಅದರ ಚರಿತ್ರೆಯೂ ತೊಳೆದುಹೋಗುತ್ತದೆ. ಸಿಕ್ಕ ಜಾಗವನ್ನು ಗುರುತುಮಾಡಿಕೊಂಡು, ತುಂಡನ್ನು ಇದ್ದಂತೆಯೇ ತಾಲ್ಲೂಕು ಕಚೇರಿಗೆ ಮುಟ್ಟಿಸಬೇಕು.