ನಿಮಿಷಕ್ಕೆ ಎಷ್ಟು ಮಾತು?

ಹೆಂಗಸರು ಮಾತು ಜಾಸ್ತಿ ಎನ್ನುವುದು ಲೋಕದ ಆರೋಪ. ಮೇಷ್ಟರುಗಳು ಮಾತು ಜಾಸ್ತಿ ಎನ್ನುವುದು ಇನ್ನೊಂದು. ಹೆಂಗಸೂ ಆಗಿ ಮೇಷ್ಟರೂ ಆದವರ ಪಾಡೇನು ಎಂಬುದನ್ನು ನೀವೇ ಊಹಿಸಿಕೊಳ್ಳಿ. ನಾವು ಎಷ್ಟು ಮಾತಾಡುತ್ತೇವೆ ಎಂದು ಅಳೆಯುವವರು ಮನೆಯಲ್ಲೂ ಇದ್ದಾರೆ, ಬೀದಿಯಲ್ಲೂ ಇದ್ದಾರೆ. ಎಷ್ಟು ವೇಗವಾಗಿ ಆಡುತ್ತೇವೆ, ಆಡಿದ್ದು ಎದುರಿಗಿರುವ ಎಲ್ಲರಿಗೂ ಮುಟ್ಟಿತೇ ಎಂದು ಅಳೆಯುವವರು ಮಾತ್ರ ಅಪರೂಪ.

ಬಿ.ಎಡ್. ಓದುವಾಗ ಆ ಭಾಗ್ಯ ನಮಗೆಲ್ಲ ಇತ್ತು. ಅಭ್ಯಾಸದ ಪಾಠ ಮಾಡಲು ಯಾವುದಾದರೂ ಶಾಲೆಗೆ ಹೋದರೆ ನಮ್ಮ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತು, ಪಾಠ ಮುಗಿಯುವುದರೊಳಗೆ ಕೆಂಪು ಶಾಯಿಯಲ್ಲಿ ಷರಾ ಬರೆದಿಡುತ್ತಿದ್ದರು: ‘ಧ್ವನಿ ಸಾಕಷ್ಟಿದೆ. ಕಪ್ಪುಹಲಗೆಯ ಬಳಕೆ ಸುಧಾರಿಸಬೇಕು.’ ಕೆಲಸಕ್ಕೆ ಸೇರಿದ ಮೇಲೆ ಯಾರೂ ನಮ್ಮ ಮಾತಿಗೆ ಷರಾ ಬರೆಯುವುದಿಲ್ಲ. ಬರೆಯುವವರು ಮಕ್ಕಳು ಮಾತ್ರ, ಅದೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ಮೇಡಂ ಒಂದು ಪೀರಿಯಡ್ಡಿನಲ್ಲಿ ‘ಗೊತ್ತಾಯ್ತಾ’ ಎಂದು ಎಷ್ಟು ಸಲ ಅಂದರು ಎಂದು ಗೀಟು ಹಾಕಿ, ಐದಕ್ಕೊಂದು ಅಡ್ಡಗೆರೆ ಎಳೆದು ಲೆಕ್ಕ ಇಡುತ್ತಾರೆ. ಗಣಿತದಲ್ಲಿ ಹಿಂದೆ ಬಿದ್ದವರೂ ಈ ಲೆಕ್ಕದಲ್ಲಿ ತಪ್ಪುವುದಿಲ್ಲ.

ಈಗ ಆ ಕೆಲಸವನ್ನು ಕಂಪ್ಯೂಟರೂ ಮಾಡುತ್ತದೆ ಎಂದು ನನಗೆ ತಿಳಿದದ್ದು ನಮ್ಮ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಟೀಚರಿಂದ. ಜಿಲ್ಲಾ ಮಟ್ಟದ ತರಬೇತಿಯಲ್ಲಿ ಅವರು ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿಷಯ ಮಂಡಿಸಬೇಕಾಗಿತ್ತು. ವಯಸ್ಸು ಇಪ್ಪತ್ತಾರು, ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸಂಜೆ ನಾಲ್ಕೂವರೆಯ ಮೇಲೆ ಸ್ಟಾಫ್‌ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು, ‘ಮೇಡಂ, ಸ್ವಲ್ಪ ಕೂತ್ಕೊಳ್ಳಿ, ಒಬ್ಳೇ ಮಾತಾಡಿದ್ರೆ ಹುಚ್ಚಿ ಅಂದ್ಕೊಂಡಾರು’ ಎಂದರು. ಮನೆಗೆ ಹೋದರೆ ಅಕ್ಕಿ ಆರಿಸುವುದಿತ್ತು. ನಾನು ಕೂತೆ.

ಪವರ್‌ಪಾಯಿಂಟ್ ಎಂಬುದು ನಿಮ್ಮ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಭಾಷಣಕ್ಕೆ ಬೇಕಾದ ಚಿತ್ರ, ಬರಹಗಳನ್ನು ಒಂದೊಂದೇ ಹಾಳೆಯ ಹಾಗೆ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್. ಅದನ್ನು ಮಾರುವ ಮೈಕ್ರೋಸಾಫ್ಟ್ ಕಂಪನಿ 2019ರಲ್ಲಿ ‘ಪ್ರೆಸೆಂಟರ್ ಕೋಚ್’ ಎಂಬ ಸೌಲಭ್ಯವನ್ನು ಅದಕ್ಕೆ ಸೇರಿಸಿತು. ಮುಂದೆ ಅದರ ಹೆಸರು ‘ಸ್ಪೀಕರ್ ಕೋಚ್’ ಎಂದಾಯಿತು. ಗುಂಡಿ ಒತ್ತಿ ಮಾತಾಡುತ್ತಾ ಹೋದರೆ ಅದು ಕೇಳಿಸಿಕೊಳ್ಳುತ್ತದೆ. ಓಡಿದರೆ ಓಡಬೇಡ ಎನ್ನುತ್ತದೆ. ಪರದೆಯಲ್ಲಿರುವುದನ್ನೇ ಗಿಣಿಪಾಠ ಒಪ್ಪಿಸಿದರೆ ಅದನ್ನೂ ಹೇಳುತ್ತದೆ. ‘ಬೇಸಿಕಲಿ’, ‘ಆಕ್ಚುಯಲಿ’, ‘ಅಂ’ ಎಂಬ ತುಂಬುಮಾತುಗಳನ್ನು ಎಣಿಸುತ್ತದೆ. ಯಾರನ್ನಾದರೂ ಹೊರಗಿಡುವಂಥ, ನೋಯಿಸುವಂಥ ಪದ ಬಂದರೆ ಬೇರೆ ಪದ ಸೂಚಿಸುತ್ತದೆ. ಕೊನೆಗೆ ಒಂದು ವರದಿ. ಥೇಟ್ ನಮ್ಮ ಬಿ.ಎಡ್. ಷರಾ, ಕೆಂಪು ಶಾಯಿ ಮಾತ್ರ ಇಲ್ಲ.

ನಿಮಿಷಕ್ಕೆ 100ರಿಂದ 165 ಪದಗಳು ಸರಿಯಾದ ವೇಗ ಎಂಬುದು ಅದರ ಸಲಹೆ. ನಮ್ಮ ಟೀಚರದ್ದು ಮೊದಲ ಸಲ 184 ಬಂತು. ಪಾಪ, ಮುಖ ಸಪ್ಪಗಾಯಿತು. ‘ನೀವೊಂದ್ಸಲ ಮಾತಾಡಿ ಮೇಡಂ’ ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಅಕ್ಬರನ ಆಡಳಿತದ ಮೇಲೆ ಐದು ನಿಮಿಷ ಇಂಗ್ಲಿಷಿನಲ್ಲಿ ಹೇಳಿದೆ. ನನ್ನದು 92! ಇಪ್ಪತ್ತೆಂಟು ವರ್ಷ ನೋಟ್ಸ್ ಬರೆಸಿದ ನಾಲಿಗೆ ನನ್ನದು. ಪ್ರತಿ ವಾಕ್ಯದ ಕೊನೆಗೂ ಹಿಂದಿನ ಬೆಂಚಿನ ಪೆನ್ನು ನಿಲ್ಲುವವರೆಗೆ ಕಾಯುತ್ತದೆ. ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಒಬ್ಬ ಒಳ್ಳೆಯ ಟೀಚರು ಸಿಗುತ್ತಾಳೆ ಎಂದು ನಕ್ಕೆವು.

ಆದರೆ ಈ ಲೆಕ್ಕವನ್ನು ಹಾಗೇ ಕನ್ನಡಕ್ಕೆ ತರುವಂತಿಲ್ಲ ಎಂದು ಆಮೇಲೆ ಅನ್ನಿಸಿತು. ‘ಮನೆಯವರಿಗೋಸ್ಕರವಾದರೂ’ ಎಂಬುದು ನಮಗೆ ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟರೆ ಹತ್ತು ಪದ ಬೇಕಾದೀತು. ವಿಭಕ್ತಿ, ಪ್ರತ್ಯಯ, ಪ್ರಶ್ನೆ, ಅನುಮಾನ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಭಾಷೆ ನಮ್ಮದು. ಆದ್ದರಿಂದ ನಿಮಿಷಕ್ಕೆ ನೂರು ಕನ್ನಡ ಪದ ಎಂದರೆ ಅದು ನಿಧಾನವಲ್ಲ, ಒಳ್ಳೆಯ ಓಟವೇ. ಸೇರು, ಪಾವುಗಳನ್ನು ಕಂಡ ನಮಗೆ ಇದು ಹೊಸದಲ್ಲ. ಒಂದೊಂದು ಊರಿಗೆ ಒಂದೊಂದು ಅಳತೆ.

ವೇಗದ ಮಾತಿಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಒಂದು ಕಾರಣವಿದೆ. ನಮ್ಮ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಗೆ ಕಿವಿ ಮಂದ. ಶ್ರವಣಯಂತ್ರ ಹಾಕಿಕೊಳ್ಳುತ್ತಾಳೆ. ಯಂತ್ರವಿದ್ದ ಮೇಲೆ ಕೇಳಿಸುತ್ತದಲ್ಲ ಎಂದುಕೊಳ್ಳುವವರೇ ಹೆಚ್ಚು. ಆದರೆ ಅದು ಟೀಚರ ಮಾತಿನ ಜೊತೆಗೆ ಬೆಂಚು ಎಳೆದ ಸದ್ದನ್ನೂ ಫ್ಯಾನಿನ ಗುಂಯ್‌ಗುಡುವಿಕೆಯನ್ನೂ ದೊಡ್ಡದು ಮಾಡುತ್ತದೆ. ಉಳಿದದ್ದನ್ನು ಆ ಮಗು ನಮ್ಮ ತುಟಿ ನೋಡಿ ತುಂಬಿಕೊಳ್ಳಬೇಕು. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ‘ಪರ’, ‘ಬರ’, ‘ಮರ’ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ರೀತಿ. ಯಾವುದು ಬರಗಾಲ, ಯಾವುದು ಮರ ಎಂಬುದನ್ನು ಅವಳು ಹಿಂದುಮುಂದಿನ ಮಾತಿನಿಂದ ಊಹಿಸಬೇಕು. ಊಹಿಸುವುದಕ್ಕೆ ಒಂದು ಕ್ಷಣ ಬೇಕು. ನಿಮಿಷಕ್ಕೆ 184 ಪದ ಹೋಗುವ ಕಡೆ ಆ ಕ್ಷಣ ಎಲ್ಲಿಂದ ಬರಬೇಕು? ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಹೇಳಿದರೆ ಅದೂ ಇಲ್ಲ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖವೇ ಕತ್ತಲು.

ಅವಳು ಎರಡು ವರ್ಷದಿಂದ ವಿಜ್ಞಾನದ ಪೀರಿಯಡ್ಡಿನಲ್ಲಿ ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಳು. ಅಂಕ ಇಳಿಯುತ್ತಿತ್ತು. ಮನೆಯಲ್ಲಿ ಅವಳ ತಂದೆ, ‘ಹತ್ತನೇ ಕ್ಲಾಸಿಗೆ ನಿಲ್ಲಿಸಿಬಿಡೋಣ’ ಎಂಬ ಮಾತು ಶುರುಮಾಡಿದ್ದರು. ಅವಳ ತಾಯಿ ನನ್ನ ಹತ್ತಿರ ಬಂದು ಸೆರಗಿನ ತುದಿ ತಿರುವುತ್ತಾ ಅದನ್ನು ಹೇಳಿದ್ದರು. ಹೀಗಾಗಿ ಆ ಸಂಜೆ ಪರದೆಯ ಮೇಲೆ 184 ಎಂದು ಕಂಡಾಗ ನನಗೆ ಜಿಲ್ಲಾ ತರಬೇತಿ ನೆನಪಾಗಲಿಲ್ಲ, ಆ ತಾಯಿಯ ಮುಖ ನೆನಪಾಯಿತು. ಹೊಸ ಟೀಚರಿಗೆ ಹೇಳಿದೆ. ಅವರು ಕೇಳಿಸಿಕೊಂಡು ಸುಮ್ಮನೆ ಕೂತರು. ಆಮೇಲೆ, ‘ಇನ್ನೊಂದ್ಸಲ ಮಾಡ್ತೀನಿ ಮೇಡಂ’ ಎಂದರು.

ಎರಡನೆಯ ಸಲ ವೇಗ ಇಳಿಯಿತು. ಆದರೆ ವರದಿಯಲ್ಲಿ ಇನ್ನೊಂದು ಸಾಲಿತ್ತು. ಅವರು ಮಾತಿನ ನಡುವೆ ‘ಯೂ ಗೈಸ್’ ಎಂದಿದ್ದರು. ಅದರ ಬದಲು ‘ಎಲ್ಲರೂ’ ಎಂಬರ್ಥದ ಪದ ಬಳಸಿ ಎಂದು ಸೂಚನೆ. ‘ಗೈ’ ಎಂದರೆ ಇಂಗ್ಲಿಷಿನಲ್ಲಿ ಗಂಡಸು. ಈಗ ನಮ್ಮ ಹೆಣ್ಣುಮಕ್ಕಳೂ ಒಬ್ಬರನ್ನೊಬ್ಬರು ‘ಗೈಸ್’ ಎಂದೇ ಕರೆಯುತ್ತಾರೆ, ನಮಗದು ಕಿವಿಗೂ ಬೀಳುವುದಿಲ್ಲ.

ಅಲ್ಲಿಂದ ನಮ್ಮ ಮಾತು ಕನ್ನಡದ ಕಡೆ ತಿರುಗಿತು. ಒಂದು ವಿಷಯದಲ್ಲಿ ಕನ್ನಡ ಉದಾರಿ. ‘ಅವರು ಬಂದರು’ ಎಂದರೆ ಗಂಡೂ ಆದೀತು, ಹೆಣ್ಣೂ ಆದೀತು, ಮರ್ಯಾದೆಯೂ ಉಳಿಯಿತು. ‘ವಿದ್ಯಾರ್ಥಿ ತನ್ನ ಪುಸ್ತಕ ತರಬೇಕು’ ಎಂಬಲ್ಲಿ ಅವನೂ ಇಲ್ಲ, ಅವಳೂ ಇಲ್ಲ, ಇಬ್ಬರಿಗೂ ಜಾಗವಿದೆ. ಆದರೆ ನಾವು ಆಡುವ ಮಾತು ಅಷ್ಟು ಉದಾರವೇ? ‘ರೈತನ ಚಿತ್ರ ಬರೆಯಿರಿ’ ಎಂದರೆ ಮಕ್ಕಳೆಲ್ಲ ಪೇಟ, ಮೀಸೆ ಬರೆಯುತ್ತಾರೆ. ನಾಟಿ ಹಾಕುವವರು ಯಾರು, ಕಳೆ ಕೀಳುವವರು ಯಾರು? ಆ ಮಕ್ಕಳ ಅಮ್ಮಂದಿರೇ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೋಗಿರುತ್ತಾರೆ. ಹೆದರಿದ ಹುಡುಗನಿಗೆ ‘ಬಳೆ ತೊಟ್ಕೊಂಡಿದ್ದೀಯಾ’ ಎನ್ನುತ್ತೇವೆ. ಕರೆದಾಗ ಬಾರದವನಿಗೆ ‘ಏನೋ, ಕಿವುಡಾ?’ ಎನ್ನುವುದು ಎಷ್ಟು ಶಾಲೆಗಳ ಎಷ್ಟು ಕೋಣೆಗಳಲ್ಲಿ ದಿನವೂ ಕೇಳಿಬರುತ್ತದೆ. ಶ್ರವಣಯಂತ್ರದ ಹುಡುಗಿ ಅದೇ ಕೋಣೆಯಲ್ಲಿ ಕೂತಿರುತ್ತಾಳೆ. ವಿಚಿತ್ರವೆಂದರೆ ಗಟ್ಟಿಯಾಗಿ ಆಡುವ ಆ ಒಂದು ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಅಂಗವೈಕಲ್ಯವುಳ್ಳವರ ಹಕ್ಕುಗಳ ಕಾಯಿದೆ 2016ರಲ್ಲೇ ಬಂದಿದೆ. ಅಂಥ ಮಕ್ಕಳು ಎಲ್ಲರ ಜೊತೆ ಕೂತು ಕಲಿಯಬೇಕೆಂದು ಅದು ಹೇಳುತ್ತದೆ. ಕಾಯಿದೆ ಬೆಂಚಿನವರೆಗೆ ಕರೆತಂದೀತು. ಬೆಂಚಿನಲ್ಲಿ ಕೂತ ಮೇಲೆ ಕರೆಯುವ ಹೆಸರು ನಮ್ಮ ನಾಲಿಗೆಯ ಮೇಲಿದೆ.

2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರತಂದಿತು. ಹೆಂಗಸರ ಬಗ್ಗೆ ತೀರ್ಪುಗಳಲ್ಲಿ ಯಾವ ಪದ ಬಿಡಬೇಕು, ಬದಲಿಗೆ ಯಾವುದನ್ನು ಬಳಸಬೇಕು ಎಂಬ ಪಟ್ಟಿ ಅದರಲ್ಲಿದೆ. ‘ಹೌಸ್‌ವೈಫ್’ ಬದಲು ‘ಹೋಮ್‌ಮೇಕರ್’ ಎನ್ನಿ ಎನ್ನುತ್ತದೆ. ಪದ ಬದಲಾದರೆ ಪಾತ್ರೆ ತೊಳೆಯುವುದು ತಪ್ಪುತ್ತದೆಯೇ ಎಂದು ನೀವು ಕೇಳಬಹುದು. ತಪ್ಪುವುದಿಲ್ಲ. ಆದರೆ ದಾಖಲಾತಿಯ ದಿನ ‘ನಿಮ್ಮಮ್ಮ ಏನು ಕೆಲಸ ಮಾಡ್ತಾರೆ?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಕ್ಕಳ ಉತ್ತರ, ‘ಏನಿಲ್ಲ ಮಿಸ್, ಮನೇಲಿರ್ತಾರೆ’ ಎಂದೇ. ಬೆಳಗ್ಗೆ ಐದಕ್ಕೆ ಎದ್ದು ಆ ಮಗುವಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ ಕಳಿಸಿದವಳು ‘ಏನಿಲ್ಲ’! ಈ ಮಾತು ಅವರಿಗೆ ಯಾರು ಕಲಿಸಿದರು? ನಾವೂ ನೀವೂ ‘ನಾನು ಸುಮ್ಮನೆ ಮನೇಲಿದ್ದೀನಿ’ ಎಂದು ಹೇಳಿಕೊಂಡದ್ದನ್ನು ಅವರು ಕೇಳಿಸಿಕೊಂಡಿದ್ದಾರೆ, ಅಷ್ಟೇ.

ಹಾಗೆಂದು ಯಂತ್ರಕ್ಕೆ ಎಲ್ಲವನ್ನೂ ಒಪ್ಪಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಪದ ಎಣಿಸುತ್ತದೆ, ಎದುರಿಗಿರುವ ಮುಖ ಎಣಿಸುವುದಿಲ್ಲ. ಹಿಂದಿನ ಬೆಂಚಿನವನು ಬೆಳಗ್ಗೆ ತಿಂಡಿ ತಿಂದಿಲ್ಲ ಎಂಬುದು ಅದಕ್ಕೆ ತಿಳಿಯದು. ತಂದೆಯಿಲ್ಲದ ಹುಡುಗನಿಗೆ ‘ಅಪ್ಪನ ಸಹಿ ಹಾಕಿಸ್ಕೊಂಡು ಬಾ’ ಎಂದಾಗ ತುಟಿ ಕಚ್ಚಿದ್ದು ಅದಕ್ಕೆ ಕಾಣದು. ಆದರೆ ಅದರಲ್ಲಿ ಒಂದು ಗುಣವಿದೆ: ನಾಲ್ಕು ಜನರ ಮುಂದೆ ಹೇಳುವುದಿಲ್ಲ. ಅತ್ತೆ ಹೇಳಿದರೆ ಕೊಂಕು, ಗಂಡ ಹೇಳಿದರೆ ಜಗಳ, ಮುಖ್ಯೋಪಾಧ್ಯಾಯರು ಹೇಳಿದರೆ ಅವಮಾನ. ಯಂತ್ರ ಹೇಳಿದರೆ ಬರೀ ಒಂದು ಅಂಕಿ. ಬೇಕಾದರೆ ತಿದ್ದಿಕೊಂಡು ಮತ್ತೆ ಗುಂಡಿ ಒತ್ತಬಹುದು, ಹತ್ತು ಸಲ ಒತ್ತಿದರೂ ಅದಕ್ಕೆ ಬೇಸರವಿಲ್ಲ.

ಜಿಲ್ಲಾ ತರಬೇತಿಯಲ್ಲಿ ಹೊಸ ಟೀಚರ ಮಂಡನೆ ಚೆನ್ನಾಗಿ ಆಯಿತಂತೆ, ಚಪ್ಪಾಳೆಯೂ ಬಂತಂತೆ. ಅದು ನನಗೆ ದೊಡ್ಡ ಸುದ್ದಿಯಲ್ಲ. ದೊಡ್ಡ ಸುದ್ದಿ ಬಂದದ್ದು ಮೂರು ವಾರ ಕಳೆದ ಮೇಲೆ. ಅವರು ತರಗತಿಯಲ್ಲಿ ಮಕ್ಕಳ ಕಡೆ ಮುಖ ಮಾಡಿ ನಿಂತು, ಹೇಳುವುದನ್ನು ಹೇಳಿ ಮುಗಿಸಿ, ಆಮೇಲೆ ಬೋರ್ಡಿನ ಕಡೆ ತಿರುಗುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ದಿನ ಪಾಠದ ಮಧ್ಯೆ ಶ್ರವಣಯಂತ್ರದ ಹುಡುಗಿ ಕೈ ಎತ್ತಿದಳಂತೆ. ಎರಡು ವರ್ಷದಲ್ಲಿ ಮೊದಲ ಸಲ.

‘ಮಿಸ್, ಆ ಮಾತು ಸರಿಯಾಗಿ ಕಾಣ್ಲಿಲ್ಲ. ಇನ್ನೊಂದ್ಸಲ ಹೇಳಿ.’

ಕೇಳಲಿಲ್ಲ ಎಂದಲ್ಲ, ಕಾಣಲಿಲ್ಲ ಎಂದು. ಟೀಚರು ಇನ್ನೊಂದು ಸಲ ಹೇಳಿದರು. ಈ ಸಲದ ಪೋಷಕರ ಸಭೆಗೆ ಅವಳ ತಂದೆಯನ್ನೂ ಕರೆಸಿದ್ದೇವೆ. ನಾನೇ ಮಾತಾಡುವವಳಿದ್ದೇನೆ, ನಿಧಾನವಾಗಿ.