ಸುಗ್ಗಿ ಹಬ್ಬದ ಏಲಂ

ಆಷಾಢ ಏಕಾದಶಿಯಂದು ಮುಂಬೈಯ ವಡಾಲದ ವಿಠ್ಠಲ ಮಂದಿರದ ಮುಂದೆ ಸಾಲು ಬೆಳೆಯುತ್ತ ಹೋಗುತ್ತದೆ. ಪಂಢರಪುರಕ್ಕೆ ಹೋಗಲಾಗದವರು ಇಲ್ಲಿಗೇ ಬರುತ್ತಾರೆ. ಅದೇ ವಡಾಲದ ರಾಮಮಂದಿರದಲ್ಲಿ ನಮ್ಮ ಕರಾವಳಿಯ ಗೌಡ ಸಾರಸ್ವತರು ಗಣೇಶೋತ್ಸವ ನಡೆಸುತ್ತಾರೆ. ಊರು ಬಿಟ್ಟು ಬಂದವರು ಹಬ್ಬ ಬಿಟ್ಟು ಬರುವುದಿಲ್ಲ. ದಕ್ಷಿಣ ಕನ್ನಡದ ಒಂದು ಸಣ್ಣ ಸಿ.ಎಸ್.ಐ. ಸಭೆಯಲ್ಲಿ ಬೆಳೆದ ನನಗೆ ಇದನ್ನು ಕಂಡಾಗಲೆಲ್ಲ ನಮ್ಮ ಸುಗ್ಗಿ ಹಬ್ಬ ನೆನಪಾಗುತ್ತದೆ.

ಹಬ್ಬದ ಭಾನುವಾರ ದೇವಾಲಯದೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ತಾಗುವುದು ಹೊಸ ಭತ್ತದ ವಾಸನೆ. ವೇದಿಕೆಯ ಸುತ್ತ ಬಾಳೆಗೊನೆ, ತೆಂಗಿನಕಾಯಿ, ಅಡಿಕೆ ಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಗದ್ದೆಯಿಲ್ಲದವರು ಮೊಟ್ಟೆ ತರುತ್ತಾರೆ, ಮನೆಯಲ್ಲಿ ಮಾಡಿದ ತಿಂಡಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಒಂದು ಸೌತೆಕಾಯಿಗೆ ಪೇಟೆಯ ದರದ ಹತ್ತು ಪಟ್ಟು ಕೂಗಿದವರು ಅದನ್ನು ಮತ್ತೆ ಸಭೆಗೇ ಒಪ್ಪಿಸುತ್ತಾರೆ. ಏಲಂ ಮತ್ತೆ ಶುರುವಾಗುತ್ತದೆ. ಆ ಹಣದಿಂದ ಮಾಡು ದುರಸ್ತಿಯಾಗುತ್ತದೆ, ಯಾರದೋ ಮಗಳ ಶಾಲೆಯ ಶುಲ್ಕ ಕಟ್ಟಲಾಗುತ್ತದೆ.

ಹೀಗೆ ಸುಗ್ಗಿಗೆ ದೇವಾಲಯ ಸಿಂಗರಿಸುವ ರೂಢಿಯನ್ನು ಇಂಗ್ಲೆಂಡಿನ ಆಂಗ್ಲಿಕನ್ ಹಳ್ಳಿಗಳಲ್ಲಿ ಹೊಸದಾಗಿ ಎಬ್ಬಿಸಿದವರು ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಗ್ರಾಮದ ಪಾದ್ರಿ ರಾಬರ್ಟ್ ಹಾಕರ್, 1843ರಲ್ಲಿ. ಅದೇ ವರ್ಷ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸುತ್ತಿದ್ದರು. ನಮ್ಮ ಸಭೆಗಳ ಮೂಲ ಆ ಮಿಷನ್ನಿನದು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಅವರ ಮಾತಿಗೆ ಒಲಿದವರು ಅನೇಕ ಸಲ ಮನೆಯನ್ನೂ ಕುಲಕಸುಬನ್ನೂ ಕಳೆದುಕೊಳ್ಳಬೇಕಾಯಿತು. ಅಂಥವರ ಹೊಟ್ಟೆಪಾಡಿಗಾಗಿಯೇ ನೇಯ್ಗೆ ಬಂತು. 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಬಂತು. ಪ್ರಾರ್ಥನೆ ಮತ್ತು ಅನ್ನ ನಮ್ಮಲ್ಲಿ ಮೊದಲಿನಿಂದಲೂ ಒಟ್ಟಿಗೇ ಇದ್ದವು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೋಡಿಸ್ಟ್ ಮುಂತಾದವರು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಕಟ್ಟಿದರು. ಮುಂದೆ ನಮ್ಮ ಸಭೆಗಳೂ ಅದರೊಳಗೆ ಬಂದವು.

ಹಳ್ಳಿಯ ಸಭಾಪಾಲಕರು ಎಷ್ಟೋ ಕಡೆ ಎರಡು ಮೂರು ಸಭೆಗಳನ್ನು ನೋಡಿಕೊಳ್ಳಬೇಕು. ಅವರು ಬಾರದ ಭಾನುವಾರ ಹಿರಿಯರೊಬ್ಬರು ವಾಕ್ಯ ಓದುತ್ತಾರೆ, ಇನ್ನೊಬ್ಬರು ಗಂಟೆ ಹೊಡೆಯುತ್ತಾರೆ, ಹೆಂಗಸರು ಹಿಂದಿನ ದಿನವೇ ಗುಡಿಸಿ ಹೂವಿಟ್ಟಿರುತ್ತಾರೆ. ಯಾರದಾದರೂ ಮನೆಯಲ್ಲಿ ಸಾವಾದರೆ ಗುಂಡಿ ತೋಡಲು ನೆರೆಕರೆಯವರು ಜಾತಿ ಕೇಳದೆ ಬರುತ್ತಾರೆ. ಸಭೆಯೆಂದರೆ ಈ ಕೈಗಳು. ಕಟ್ಟಡ ಹಳೆಯದಾದರೆ ರಿಪೇರಿ ಮಾಡಬಹುದು. ಕೈಗಳು ಕಡಿಮೆಯಾದರೆ ಏನು ಮಾಡುವುದು?

ನನ್ನ ಚಿಂತೆ ಇದೇ. ನಾವೆಲ್ಲ ಮುಂಬೈ, ಬೆಂಗಳೂರು, ಗಲ್ಫ್ ಎಂದು ಹೊರಟುಬಂದೆವು. ಹಬ್ಬಕ್ಕೆ ಇಲ್ಲಿಂದಲೇ ಹಣ ಕಳಿಸುತ್ತೇವೆ, ಫೋನಿನಲ್ಲೇ ಏಲಂ ಕೂಗುತ್ತೇವೆ. ಮಾಡಿಗೆ ಹೊಸ ಹಂಚು ಬಂದಿದೆ. ಆದರೆ ಕೀರ್ತನೆಗಳನ್ನು ನಾಲ್ಕು ಸ್ವರದಲ್ಲಿ ಹಾಡುವುದು ನಮ್ಮ ಸಭೆಗಳ ಹೆಮ್ಮೆ. ಟೆನರ್ ಎಂಬ ಗಂಡುಸ್ವರ ಹಾಡಲು ಗಂಡುಮಕ್ಕಳೇ ಇಲ್ಲದಿದ್ದರೆ ಆ ಸಾಲು ಖಾಲಿಯೇ ಉಳಿಯುತ್ತದೆ. ಹಣ ಆ ಸ್ವರ ಹಾಡುವುದಿಲ್ಲ.

ಊರಿನಲ್ಲಿ ಇಂಥದೊಂದು ಸಭೆಯೋ ಗುಡಿಯೋ ಮಸೀದಿಯೋ ಇರುವವರೆಲ್ಲರಲ್ಲೂ ನನ್ನದೊಂದು ಬೇಡಿಕೆ. ಕಾಣಿಕೆ ಕಳಿಸಿ, ಸಂತೋಷ. ಆದರೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ನೀವೇ ಹೋಗಿ. ಬೆಂಚು ಹೊರಲು, ಅಂಗಳ ಗುಡಿಸಲು, ಏಲಂ ಕೂಗಲು ಅಲ್ಲಿ ಜನ ಬೇಕು.