ರಾಯರೂ ಗಿಗಾಹರ್ಟ್ಸೂ

ಅಂಕಿಗಳನ್ನೇ ನಂಬಿ ಬಾಳಿದವರಿಗೆ, ಕಾಗದದ ಮೇಲಿನ ಅಂಕಿಯೊಂದು, ಕಣ್ಣೆದುರಿನ ಅಂಕಿ ಇನ್ನೊಂದು ಆದರೆ ಊಟ ರುಚಿಸುವುದಿಲ್ಲ. ಬಸವನಗುಡಿಯ ರಾಯರು ಮೂವತ್ತನಾಲ್ಕು ವರ್ಷಕಾಲ ಪರರ ಲೆಕ್ಕಪತ್ರಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. 2021ರಲ್ಲಿ ಮೊಮ್ಮಗಳು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಾಗ, ಠೇವಣಿಯೊಂದನ್ನು ಅವಧಿಗೆ ಮುನ್ನವೇ ಮುರಿಸಿ ಅವಳಿಗೊಂದು ಲ್ಯಾಪ್‌ಟಾಪನ್ನು ಕೊಡಿಸಿದ್ದರು. ಅದರ ರಸೀದಿ, ಖಾತರಿ ಪತ್ರ, ಗುಣವಿವರದ ಹಾಳೆ ಎಲ್ಲವೂ ಅವರ ಕಡತದಲ್ಲಿ ಭದ್ರವಾಗಿದ್ದುವು. ಆ ಹಾಳೆಯಲ್ಲಿ ಪ್ರೊಸೆಸರಿನ ವೇಗ 2.4 ಗಿಗಾಹರ್ಟ್ಸ್ ಎಂದಿತ್ತು. ಎಂದರೆ ಸೆಕೆಂಡಿಗೆ 240 ಕೋಟಿ ಮಿಡಿತ.

ಅವಳು ಕೊನೆಯ ವರ್ಷಕ್ಕೆ ಬಂದ ಮೇಲೆ, 2024ರ ಕಡೆಯಲ್ಲಿ, ಒಂದು ಸಂಜೆ ಟಾಸ್ಕ್ ಮ್ಯಾನೇಜರಿನ ಕಿಟಕಿಯನ್ನು ತೆರೆದಿಟ್ಟು ಹೊರಗೆ ಹೋಗಿದ್ದಳು. ಅಲ್ಲಿ ಕಂಡ ಅಂಕಿ 4.1. ಹೇಳಿದ್ದು 240 ಕೋಟಿ, ಓಡುತ್ತಿರುವುದು 410 ಕೋಟಿ! ಕೆಳಗೆ ಫ್ಯಾನು ಬೇರೆ ಹೋ ಎಂದು ಮೊರೆಯುತ್ತಿತ್ತು. ಮುರಿಸಿದ ಠೇವಣಿ ಹೊಗೆಯಾಗಿ ಹೋಗುತ್ತಿರುವಂತೆಯೇ ರಾಯರಿಗೆ ತೋರಿತು. ಬೆಳಗಿನ ವಾಯುಸಂಚಾರದ ಮಿತ್ರರೊಬ್ಬರು ಉಪಾಯ ಹೇಳಿಕೊಟ್ಟರು: ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ನೂರರಿಂದ 99ಕ್ಕೆ ಇಳಿಸಿದರೆ ಸಾಕು. ಇಳಿಸಿದ್ದೂ ಆಯಿತು, ಅಂಕಿ 2.4ರ ಆಸುಪಾಸಿಗೆ ಬಂದು ನಿಂತಿತು. ಆ ರಾತ್ರಿ ರಾಯರಿಗೆ ಒಳ್ಳೆಯ ನಿದ್ರೆ ಬಂತು. ಮನೆಯಲ್ಲಿ ಯಾರಿಗೂ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ನಿದ್ರೆ ಕೆಟ್ಟದ್ದು ಮೊಮ್ಮಗಳಿಗೆ. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಮುಕ್ಕಾಲು ಗಂಟೆಯಾದರೂ ಮುಗಿಯದು. ಪ್ರಾಜೆಕ್ಟನ್ನು ಒಪ್ಪಿಸಲು ಉಳಿದದ್ದು ನಾಲ್ಕು ದಿನ. ಹೊಸ ಯಂತ್ರ ಬೇಕೆಂದು ಕೇಳಲು ಅವಳಿಗೆ ಬಾಯಿ ಬಾರದು. ಠೇವಣಿಯ ಕಥೆ ಅವಳಿಗೆ ತಿಳಿಯದ್ದೇನಲ್ಲ. ಎರಡು ರಾತ್ರಿ ನಿದ್ದೆಗೆಟ್ಟು, ಮೂರನೆಯ ದಿನ ಆ 99 ಕಣ್ಣಿಗೆ ಬಿದ್ದಾಗ, “ತಾತ, ಇದನ್ನು ಮುಟ್ಟಿದವರು ನೀವೇನಾ?” ಎಂದಳು.

“ಸುಟ್ಟು ಹೋದರೆ ಏನಮ್ಮ ಗತಿ?”

ಅವಳು ಕೋಪಿಸಿಕೊಳ್ಳಲಿಲ್ಲ. ಕಡತವನ್ನು ತರಿಸಿ, ಅದೇ ಹಾಳೆಯಲ್ಲಿ ತುಸು ಕೆಳಗೆ ಅಚ್ಚಾಗಿದ್ದ ಇನ್ನೊಂದು ಅಂಕಿಯನ್ನು ಬೆರಳಿಟ್ಟು ತೋರಿಸಿದಳು: ಗರಿಷ್ಠ ವೇಗ 4.2. ತಪಾಸಣೆಯ ವೃತ್ತಿಯವರು ಅಡಿಟಿಪ್ಪಣಿಯನ್ನು ಓದದೆ ಬಿಟ್ಟಿದ್ದರೆಂಬುದನ್ನು ಯಾರೂ ಎತ್ತಿ ಆಡಲಿಲ್ಲ.

2.4 ಎಂಬುದು ಮೇಲ್ಮಿತಿಯಲ್ಲ; ನಿಗದಿಯಾದ ವಿದ್ಯುತ್ತಿನಲ್ಲಿ ಎಡೆಬಿಡದೆ ದುಡಿಯುವಾಗಲೂ ದೊರೆಯುವ ಮೂಲವೇಗ. ಕೆಲಸ ಒಮ್ಮೆಲೇ ಹೆಚ್ಚಿ, ವಿದ್ಯುತ್ತಿಗೂ ಉಷ್ಣಕ್ಕೂ ಅವಕಾಶವಿದ್ದಾಗ ಪ್ರೊಸೆಸರು ತಾನಾಗಿಯೇ ಮೇಲಕ್ಕೇರುತ್ತದೆ, ಕೆಲಸ ಮುಗಿದೊಡನೆ ಇಳಿಯುತ್ತದೆ. ಇಂಟೆಲ್ ಸಂಸ್ಥೆ ಟರ್ಬೋ ಬೂಸ್ಟ್ ಎಂಬ ಹೆಸರಿನಲ್ಲಿ ಈ ಏರ್ಪಾಟನ್ನು 2008ರಲ್ಲಿಯೇ ತಂದಿತು. ಗುಡಿಯ ಮೆಟ್ಟಿಲು ಹತ್ತುವಾಗ ನಾಡಿ ನೂರು ದಾಟಿದರೆ ಯಾರೂ ವೈದ್ಯರಲ್ಲಿಗೆ ಓಡುವುದಿಲ್ಲ. ಆರಾಮಕುರ್ಚಿಯಲ್ಲಿ ಕುಳಿತಾಗಲೂ ಇಳಿಯದಿದ್ದರೆ ಮಾತು ಬೇರೆ. ಪ್ರೊಸೆಸರಿನ ಸಂಗತಿಯೂ ಬಹುಮಟ್ಟಿಗೆ ಇಷ್ಟೇ. ನೋಡಬೇಕಾದದ್ದು ನಾಡಿಗಿಂತ ಹೆಚ್ಚಾಗಿ ಜ್ವರವನ್ನು.

ಆ ಜ್ವರಕ್ಕೆ ಕಾರಣವುಂಟು. ವೇಗ ಹೆಚ್ಚಬೇಕಾದರೆ ಸಾಮಾನ್ಯವಾಗಿ ವೋಲ್ಟೇಜೂ ಹೆಚ್ಚಬೇಕು. ವೋಲ್ಟೇಜು ಹೆಚ್ಚಿದರೆ ಉಷ್ಣವು ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಈ ಒಂದು ಗೋಡೆಗೆ ಹಣೆ ತಾಗಿಸಿಕೊಂಡು ಉದ್ಯಮವೇ ದಾರಿ ಬದಲಿಸಿತು. 1971ರಲ್ಲಿ ಬಂದ 4004 ಎಂಬ ಪ್ರೊಸೆಸರಿನ ಮಿಡಿತ ಸೆಕೆಂಡಿಗೆ ಹೆಚ್ಚೆಂದರೆ 7 ಲಕ್ಷದ 40 ಸಾವಿರ. 1981ರ ಐಬಿಎಂ ಪಿಸಿಯದು ಸುಮಾರು 47 ಲಕ್ಷ 70 ಸಾವಿರ. 2000ದ ಮಾರ್ಚಿಯಲ್ಲಿ ಎಎಂಡಿ, ಇಂಟೆಲ್ ಎರಡೂ ಕೆಲವೇ ದಿನಗಳ ಅಂತರದಲ್ಲಿ ನೂರು ಕೋಟಿಯನ್ನು ಮುಟ್ಟಿದುವು. ಇನ್ನೇನು 400 ಕೋಟಿ ಎನ್ನುವಾಗ, 2004ರಲ್ಲಿ, ಇಂಟೆಲ್ ತನ್ನ 4 ಗಿಗಾಹರ್ಟ್ಸಿನ ಪೆಂಟಿಯಂ ಯೋಜನೆಯನ್ನು ಕೈಬಿಟ್ಟಿತು. ಒಬ್ಬನನ್ನೇ ಓಡಿಸುವ ಬದಲು ನಾಲ್ವರನ್ನು ನಡೆಸುವ ನೀತಿ ಆ ಬಳಿಕ ಬಲವಾಯಿತು; ಒಂದೇ ಚಿಪ್ಪಿನಲ್ಲಿ ಹಲವು ಕೋರುಗಳು ಬಂದುವು. 4 ಗಿಗಾಹರ್ಟ್ಸ್ ವೇಗದಲ್ಲಿ ಒಂದು ಮಿಡಿತದಿಂದ ಮತ್ತೊಂದಕ್ಕೆ ಬೆಳಕೇ ಏಳೂವರೆ ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು. ಅಷ್ಟು ಅಲ್ಪ ಕಾಲದಲ್ಲಿ ಕೂಡಿ ಕಳೆಯುವ ಗುಮಾಸ್ತನನ್ನು ಕಂಡು ರಾಯರಿಗೆ ತುಸು ಅಸೂಯೆಯಾಗಿದ್ದರೂ ಆಶ್ಚರ್ಯವಿಲ್ಲ.

ಆದರೂ ಅವರು ಸುಲಭವಾಗಿ ಸೋಲುವವರಲ್ಲ. “ಮಾಡಿದವನೇ ಸರಿಯೆಂದರೆ ಸರಿಯೇ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಅದೇ 2024ರಲ್ಲಿ ಇಂಟೆಲಿನ ಹದಿಮೂರನೆಯ ಮತ್ತು ಹದಿನಾಲ್ಕನೆಯ ಪೀಳಿಗೆಯ ಮೇಜುಕಂಪ್ಯೂಟರಿನ ಕೆಲವು ಪ್ರೊಸೆಸರುಗಳು ಅಸ್ಥಿರವಾಗಿ, ಬಳಕೆದಾರರ ಕೆಲಸ ನಡುನಡುವೆ ನಿಂತುಹೋಗುತ್ತಿತ್ತು. ಅವು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿ ಪಡೆಯುತ್ತಿದ್ದುವೆಂದು ಸಂಸ್ಥೆಯೇ ಒಪ್ಪಿಕೊಂಡು, ಆಗಸ್ಟಿನಲ್ಲಿ ಮೈಕ್ರೋಕೋಡಿನ ತಿದ್ದುಪಡಿಯನ್ನು ಹೊರತಂದಿತು. ಖಾತರಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಕೆಟ್ಟಿದ್ದ ಚಿಪ್ಪುಗಳನ್ನು ಆ ತಿದ್ದುಪಡಿ ಬದುಕಿಸಲಿಲ್ಲ. ಮೊಮ್ಮಗಳ ಲ್ಯಾಪ್‌ಟಾಪು ಹನ್ನೊಂದನೆಯ ಪೀಳಿಗೆಯದು, ಈ ಗುಂಪಿಗೆ ಸೇರಿದ್ದಲ್ಲ. ಬಯಾಸಿನ ತಿದ್ದುಪಡಿಗಳನ್ನು ಆಗಾಗ ಹಾಕಿಸಬೇಕೆಂಬ ಮಾತನ್ನು ಮಾತ್ರ ರಾಯರು ಡೈರಿಯಲ್ಲಿ ಬರೆದುಕೊಂಡರು.

ಇನ್ನು ಜ್ವರ. ಉಷ್ಣವನ್ನು ತೋರಿಸುವ ತಂತ್ರಾಂಶವೊಂದನ್ನು ಅವಳು ಹಾಕಿ ನೋಡಿದಾಗ 97 ಡಿಗ್ರಿ ಕಂಡಿತು. ಆ ಪ್ರೊಸೆಸರಿನ ಮಿತಿ 100; ಅದನ್ನು ಮುಟ್ಟಿದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಮತ್ತೂ ಮೀರಿದರೆ ಯಂತ್ರವೇ ಆರಿಹೋಗುತ್ತದೆ. ಅಪಾಯವಿಲ್ಲ ನಿಜ, ಆದರೆ ದಿನವಿಡೀ ಮಿತಿಯ ಅಂಚಿನಲ್ಲಿ ನಿಲ್ಲಿಸುವುದು ಆರೋಗ್ಯದ ಲಕ್ಷಣವೂ ಅಲ್ಲ. ರಾಯರು ಕನ್ನಡಕವನ್ನು ಏರಿಸಿಕೊಂಡು ಯಂತ್ರದ ಕೆಳಗೆ ಬಗ್ಗಿ ನೋಡಿದರು. ಗಾಳಿ ಒಳಹೋಗುವ ಕಂಡಿಗಳೆಲ್ಲ ಹಾಸಿಗೆಯ ರಜಾಯಿಯಲ್ಲಿ ಹುದುಗಿದ್ದುವು. ಅವುಗಳ ಒಳಗೆ ಮೂರು ವರ್ಷದ ಧೂಳು.

“ವೇಗ ಸರಿಯಿರಬಹುದಮ್ಮ. ಉಸಿರು ಕಟ್ಟಿಸಿ ಓಡಿಸುತ್ತಿದ್ದೀಯೆ,” ಎಂದರು. ಈಗ ನಾಚುವ ಸರದಿ ಅವಳದು.

ಧೂಳನ್ನು ತೆಗೆಸಿದ್ದಾಯಿತು. ಮಿತಿ ಮತ್ತೆ ನೂರಕ್ಕೆ ಏರಿತು. ಅಡುಗೆಮನೆಯಿಂದ ಊಟದ ಮಣೆಯೊಂದು ಬಂದು ಲ್ಯಾಪ್‌ಟಾಪಿನ ಅಡಿಯಲ್ಲಿ ಕುಳಿತಿತು. ಅದೇ ಕೆಲಸ, ಅದೇ 4.1, ಉಷ್ಣ ಮಾತ್ರ 82. ಪ್ರಾಜೆಕ್ಟು ಗಡುವಿಗೆ ಅರ್ಧ ದಿನ ಮುಂಚೆಯೇ ಮುಗಿಯಿತು. ಹಬ್ಬದ ದಿನ ಎಲೆ ಹಾಕುವಾಗ ಒಂದು ಮಣೆ ಕಡಮೆಯಾಯಿತೆಂದು ಅಜ್ಜಿ ಕೂಗಿಕೊಂಡರೆ, ರಾಯರು ತಾವೇ ಎದ್ದು ಹೋಗಿ ಬರಿಯ ನೆಲದ ಮೇಲೆ ಕುಳಿತರು.